ಲಕ್ಕುಂಡಿ, ಬಸ್ಸಿನ ಹೊರಗ

ಇಪ್ಪತ್ತೆರಡು ವರ್ಷಾತು ಈ ಸ್ಟೇರಿಂಗ್ ಹಿಡದು.
ಲಕ್ಕುಂಡಿ ಅಂದ್ರ ನನಗ ಒಂದು ಬೇವಿನ ಗಿಡ,
ಅದರ ಬುಡಕ್ಕ ಸೋರೂ ನಳ,
ಹನ್ನೊಂದರತನಕ ಬಾನೆಟ್ ಮ್ಯಾಲ ಬಿದ್ದು
ಆಮ್ಯಾಲ ಹಿಂದಿನ ಗಾಲಿಗೆ ಸರಿಯೂ ನೆಳ್ಳು.
ಡಂಬಳ ಅಂದ್ರ ಗಾಡಿ ತಿರಗಸಾಕ ಜಾಗ ಸಾಲಂಗಿಲ್ಲ.
ಮಾಗಡಿ ಕೆರಿ ಅಂದ್ರ ಹಾರ್ನ್ ಹೊಡಿಬ್ಯಾಡ, ಹಕ್ಕಿ ಏಳತಾವ.
ಗುಡಿ ಒಳಗೇನೈತಿ ಅಂತ ಕೇಳಿದ್ರ
ಮಂದಿ ಬಂದು ಹೇಳಿದ್ದಷ್ಟ ಗೊತ್ತು:
“ಭಾಳ ಛಂದ ಐತಿ, ದಾವಲಸಾಬ.”
ಎಲ್ಲಾರೂ ಅಷ್ಟ ಹೇಳತಾರ,
ಚಪ್ಪಲ್ ಹುಡುಕ್ಕೋತ.

ಈ ಸಲ ರೈಲ್ವೆ ವರ್ಕ್‌ಶಾಪಿನ್ಯಾಗ ರಿಟೈರಾದವರು.
ನಲವತ್ತೊಂದು ತಲಿ, ಎಂಟು ಊರಗೋಲು,
ಎರಡು ಬುಟ್ಟಿ ಕಟಕ ರೊಟ್ಟಿ,
ಇಂದುಬಾಯಿ ತೊಡಿ ಮ್ಯಾಲ ಕಂದಂಗ ಕುಂತ
ಎಣ್ಣಿಗಾಯಿ ಡಬರಿ.
ಪಟ್ಟಿ ಪರ್ವತಗೌಡ್ರ ಕಿಸೇದಾಗ:
ಏಳಕ್ಕ ಅಣ್ಣಿಗೇರಿ, ನಾಷ್ಟಾ.
ಒಂಬತ್ತಕ್ಕ ಲಕ್ಕುಂಡಿ. ಹನ್ನೆರಡಕ್ಕ ಡಂಬಳ, ಅಲ್ಲೇ ಊಟ.
ಐದಕ್ಕ ಗದಗಿನ್ಯಾಗ ಗಿರಮಿಟ್ಟು, ತಲಿಗೊಂದ ಪ್ಲೇಟು.

ಪಟ್ಟಿ ಅಣ್ಣಿಗೇರ್ಯಾಗ ಕೆಟ್ಟಿತು.
ಸೂಸಲಾ ತೀರಿತ್ತು, ಮಿರ್ಚಿಗೆ ಎಣ್ಣಿ ಕಾಯವಲ್ದು.
“ಗಾಳಿ ಬರೂದ ತಪ್ಪೈತಿ” ಅಂತ ಫಿಟ್ಟರ್ ಹಾಲೇಶಿ
ಅಂಗಡಿಯವನ ಒಲಿ ಬಿಚ್ಚಿ ರಸ್ತೆ ಮ್ಯಾಲ ಹರವಿದ.
ಒಬ್ಬ ಪಿನ್ ಹಿಡದ, ಒಬ್ಬ ಊದಿದ,
ಹತ್ತು ಮಂದಿ ಸುತ್ತ ನಿಂತು ಬೈದ್ರು.
ಮುಕ್ಕಾಲು ತಾಸು ಹೋತು.
ಆದ್ರ ಅಂಥ ಮಿರ್ಚಿ
ನಾ ಈ ರೋಡಿನ್ಯಾಗ ಮತ್ತ ತಿಂದಿಲ್ಲ.

ಲಕ್ಕುಂಡ್ಯಾಗ ದೇವದಾನಂ ಮೇಸ್ತ್ರಿ ಇಳೀಲಿಲ್ಲ.
ಮೊಣಕಾಲು ಮಡಚಂಗಿಲ್ಲ.
ಮೂರನೇ ಸೀಟು, ಕಿಟಕಿ ಕಡೆ.
“ನೀ ಹೋಗಂಗಿಲ್ಲೇನೊ?”
“ಗಾಡಿ ಯಾರು ಕಾಯಬೇಕ್ರಿ?”
“ನಿನ್ನ ಬಿಟ್ರ ಯಾರಿಗೂ ಗೇರ್ ಬೀಳಂಗಿಲ್ಲ ಇದಕ್ಕ,
ಯಾವ ಕಳ್ಳ ಒಯ್ತಾನ ಇದನ್ನ?”
ನಕ್ಕೋತ ಒಂದ ರೊಟ್ಟಿ ಮುರದು
ಇಬ್ರೂ ಶೇಂಗಾ ಚಟ್ನಿ ಹಚ್ಚಿಗೊಂಡ್ವಿ.

ಅಷ್ಟರಾಗ ಹಾಲೇಶಿ ಓಡಿ ಬಂದ, ಬರಿಗಾಲಿಲೆ.
“ಮೇಸ್ತ್ರಿ, ಒಳಗ ಲೇತಿನ ಕೆಲಸ ಐತಿ!”
“ಕಲ್ಲು ಲೇತಿಗೆ ಏರತೈತೇನೊ ಹುಚ್ಚಪ್ಯಾಲಿ.”
ಬಾಯಿ ಹಂಗಂತು,
ಕೈ ಆಗ್ಲೇ ಕೋಲು ಹಿಡದಿತ್ತು.

ಗಾಡಿಗೆ ಕೀಲಿ ಹಾಕಿದೆ.
ಅವರ ಭಾರ ನನ್ನ ಹೆಗಲ ಮ್ಯಾಲ.
ಮೆಟ್ಟಲಕ್ಕೊಮ್ಮೆ ಯೇಸುವಿನ ಹೆಸರು,
ಕಾಲು ಜಾರಿದ್ರ ನನ್ನ ಹೆಸರು.
ಒಳಗ ತಂಪು. ಗಡಿಗ್ಯಾಗ ಕೈ ಇಟ್ಟಂಗ.
ಕರೀ ಕಂಬ, ಮೈ ತುಂಬ ಬಳಿ ಬಳಿ,
ಸ್ಟೀಲ್ ಡಬ್ಬಿಯಂಗ ಮಿಂಚೂ ಕಲ್ಲು.

ಮೇಸ್ತ್ರಿ ನೋಡಲಿಲ್ಲ.
ಕಣ್ಣು ಮುಚ್ಚಿ
ಗೆರಿಯೊಳಗ ಹೆಬ್ಬಟ್ಟಿಟ್ಟು ಮೆಲ್ಲಗ ಒಂದ ಸುತ್ತು ಬಂದ್ರು.
“ಇಲ್ಲಿ ಉಳಿ ಎತ್ತ್ಯಾನ.”
ಇನ್ನೊಂದ ಸುತ್ತು.
“ಇಲ್ಲಿ ಯಾರೋ ಕರದಾರ ಅವನ್ನ.
ಕೂದಲೆಳಿಯಷ್ಟು ನಡಗೈತಿ ಕೈ.
ಇನ್ಸ್‌ಪೆಕ್ಟರ್ ಪಾಸ್ ಮಾಡ್ಯಾನ. ನಾ ಆಗಿದ್ರ ಮಾಡ್ತಿದ್ದಿಲ್ಲ.”
ಆಮ್ಯಾಲ ಅದ ಜಾಗಾ ಅಂಗೈಲೆ ಸವರಿ ಸವರಿ
ಸುಮ್ನ ನಿಂತ್ರು, ಮೂವತ್ನಾಕು ವರ್ಷ ಆಕ್ಸಲ್ ತಿರುವಿದ ಮನಷ್ಯಾ.

ಒಬ್ಬೊಬ್ಬರ ಸಾಲ ಹಚ್ಚಿ ಹೆಬ್ಬಟ್ಟಿಟ್ರು.
ಹೌದೌದು ಅಂದ್ರು. ಇಂದುಬಾಯೂ ಇಟ್ಟಳು,
“ನನಗ ಬರೇ ತಂಪ ಹತ್ತತೈತಿ” ಅಂದ್ಳು.
ನಾನೂ ಇಟ್ಟೆ. ಆ ನಡುಕ ನನಗ ಸಿಗಲಿಲ್ಲ.
ಸಿಕ್ಕಿತು ಅಂತ ಹೇಳಿದೆ.

ಊಟ ಬೇವಿನ ಬುಡಕ್ಕಾತು, ಮೂರು ಹೊಡದಿತ್ತು.
ಉಳ್ಳಾಗಡ್ಡಿ ಗುದ್ದಿ, ಮೊಸರು ಸುರುವಿ,
ಆ ಕಂಬ ಯಾವ ಸ್ಪೀಡಿಗೆ ತಿರಗಿರಬೇಕು,
ಯಾರು ತಿರುವಿರಬೇಕು, ಎತ್ತೋ ಆಳೋ ಅಂತ
ಜಗಳಾಡಿ ಜಗಳಾಡಿ ಡಬರಿ ಬಳದ್ರು.
ಡಂಬಳ ಉಳೀತು. ಪರ್ವತಗೌಡ್ರು ಪಟ್ಟಿ ಮಡಚಿ
ಅದರಾಗ ಅಡಕಿ ಕಟ್ಟಿಗೊಂಡ್ರು.
ಗಿರಮಿಟ್ಟು ಕತ್ತಲದಾಗ ತಿಂದ್ವಿ.

ಮುಂದಿನ ಆಯ್ತವಾರ ರಾಣೇಬೆನ್ನೂರ ಕಡೆಯ
ಒಂದು ಲಗ್ನದ ಮಂದಿ, ಹೊಸಾ ಅಳಿಯ, ಭಾರೀ ಅವಸರ.
“ಒಳಗೇನೈತ್ರಿ ನೋಡೂವಂಥಾದ್ದು?” ಅಂದ.
ಭಾಳ ಛಂದ ಐತಿ, ಅನ್ನಾಕ ಬಾಯಿ ತೆಗದೆ.
“ಮಿರ್ಚಿ ಎಣ್ಣಿ ಕೈ ತೊಳಕೊಂಡು ಹೋಗ್ರಿ” ಅಂದೆ.
“ನಳ ಅಲ್ಲೈತಿ, ಬೇವಿನ ಬುಡಕ್ಕ.”