ಹದಿನಾಲ್ಕು ಗುಳಿ

ಬೆಳಿಗ್ಗೆ ಹತ್ತರಿಂದ ನನ್ನ ಕೆಲಸ:
ಗಾಜಿನ ಆಚೆ ಕೂತವರ ಕಿವಿಗೆ
ಒಂದೊಂದೇ ‘ಕುಂಯ್’ ಕಳಿಸುವುದು.
ಕೇಳಿಸಿದರೆ ಬೆರಳೆತ್ತಿ, ಅಷ್ಟೆ.
ಬನ್ನೂರಿನ ಅಕ್ಕಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ಸವೆಸಿದ
ಮರಿಬಸವಯ್ಯ
ನಾನು ಏನೂ ಕಳಿಸದಿದ್ದಾಗಲೂ ಎತ್ತುತ್ತಾರೆ,
ನಗುತ್ತಾರೆ.
ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಒಂದು ದನಿ ಎಷ್ಟು ದೊಡ್ಡದೆಂದು
ಕಲಿತದ್ದು ಅಲ್ಲಿ.

ಸಂಜೆ ಮಂಡಿ ಮೊಹಲ್ಲಾ. ಊದುಬತ್ತಿ ಹೊಸೆಯುವ ಮನೆಯ ಮೇಲಿನ ಕೋಣೆ,
ಬಾಡಿಗೆ ಎರಡೂವರೆ ಸಾವಿರ, ಸೀನು ಪುಕ್ಕಟೆ.
ಗುಜರಿಯಲ್ಲಿ ಸಿಕ್ಕ ಅಳಗುಳಿ ಮಣೆ,
ಮೀನಿನಾಕಾರ, ಬಾಲ ಮುರಿದದ್ದು.
ಗುಳಿಗೊಂದು ತೂತು ಕೊರೆದು
ಬೆಳಕನ್ನು ಅಳೆಯುವ ಕಣ್ಣು ಕೂರಿಸಿದೆ,
ಒಂದೊಂದೂ ಕಡಲೆಬೇಳೆಯಷ್ಟು.
ಜೀರುಂಡೆಯಂಥ ಚಿಪ್ ಮೂರು. ಒಂಬತ್ತು ವೋಲ್ಟಿನ ಬ್ಯಾಟರಿ.
ಸತ್ತ ರೇಡಿಯೋದ ಸ್ಪೀಕರು. ವೇಗಕ್ಕೊಂದು ತಿರುಪು.
ಇಷ್ಟೇ.
‘ಇಷ್ಟೇ’ ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ;
ಬಾಯಿಮಾತಿನ ನನ್ನನ್ನು ನಾನೇ ನಂಬುವವಳಲ್ಲ.

ಬರಿಗುಳಿ ಕೀಚುತ್ತದೆ.
ಒಂದು ಹುಣಸೆಬೀಜ ಬಿದ್ದರೆ ದನಿ ಮೆಟ್ಟಿಲಿಳಿಯುತ್ತದೆ,
ಎರಡಕ್ಕೆ ಗೊಣಗುತ್ತದೆ,
ನಾಲ್ಕು ಕೂಡಿ ಕರುವಾದರೆ
ಬರೀ ಟಕ್ಕು ಟಕ್ಕು, ಒಳಗೆಲ್ಲೋ ಯಾರೋ ನಡೆದ ಹಾಗೆ.
ಅತ್ತ ಏಳು, ಇತ್ತ ಏಳು,
ತಾಳಕ್ಕೆ ಸದಾ ಒಂದು ಕಾಲು ಗಿಡ್ಡ.
ಮೊದಲ ವಾರ ಆ ಕುಂಟು ತಿದ್ದಲು ಹೆಣಗಿದೆ.
ಎರಡನೆಯ ವಾರ ನನ್ನ ನಡಿಗೆಯೇ ಹಾಗಾಯಿತು.

ಮೇಲುಕೋಟೆಯ ತಿರುನಾರಾಯಣ ಲ್ಯಾಪ್‌ಟಾಪು ಹೊತ್ತು ಬಂದ.
ಹದಿನೆಂಟು ಸಾವಿರ ದನಿ ಇವೆಯಂತೆ ಅದರಲ್ಲಿ,
ಚಪ್ಪಾಳೆಯೇ ನಲವತ್ತು ಬಗೆ.
ರಾತ್ರಿ ಒಂದರವರೆಗೆ
ಒಂದು ಮದ್ದಳೆ ಆರಿಸುತ್ತಾ ಕೂತ,
ಬಾರಿಸಲಿಲ್ಲ.
ಪಾಪ, ಪುಳಿಯೋಗರೆ ತಂದಿದ್ದ. ಚೆನ್ನಾಗಿತ್ತು.

ನನ್ನ ಕಿಟಕಿ ಪಡುವಣಕ್ಕೆ.
ಐದೂವರೆಯ ಬಿಸಿಲು ಮಣೆಯ ಮೇಲೆ ಓರೆಯಾಗಿ ಹರಿದು
ಜಾರುವಾಗ ಶ್ರುತಿಯೂ ಜಾರುತ್ತದೆ.
ಎದುರು ಮಹಡಿಯಲ್ಲಿ ಯಾರೋ ಸೀರೆ ಒಣಹಾಕಿದರೆ
ಅರ್ಧ ಸ್ವರ ಇಳಿತ.
ನಿನ್ನೆಯದು ಇವತ್ತಿಗಿಲ್ಲ.
ಉಳಿಸಿಡುವ ಗುಂಡಿ ಇಡಲಿಲ್ಲ;
ಇಡಬೇಕಿತ್ತೇನೋ ಅನ್ನಿಸುವುದು
ಒಂದೊಂದು ಸಂಜೆ ಮಾತ್ರ.

ಕೆಳಮನೆಯ ಜಬೀನಳ ಮಗಳು ಸಿದ್ರಾ, ಎಂಟು ವರ್ಷ,
ಬೆರಳ ಸಂದಿಯಲ್ಲಿ ಇದ್ದಲ ಕಪ್ಪು,
ಬಾಗಿಲಲ್ಲೇ ನಿಂತು ಕೇಳಿದಳು:
‘ಇದು ಆಡೋ ಮಣೆ ಅಲ್ವಾ ಅಕ್ಕ?
ನೀವ್ಯಾಕೆ ಒಬ್ರೇ ಆಡ್ತೀರ?’

ಮೂರು ತಿಂಗಳಿಂದ ನಾನು
ನಾಲ್ಕಾರು ಬೀಜ ಅಲ್ಲಿಷ್ಟು ಇಲ್ಲಿಷ್ಟು ಜೋಡಿಸಿ,
ಕಣ್ಣು ಮುಚ್ಚಿ, ತಲೆದೂಗಿ...
ಅವಳು ಗುಳಿಗೆ ಐದೈದು ತುಂಬಿದಳು.
ಮಣೆ ಮೂಕಾಯಿತು.
ಆಮೇಲೆ ಬಿತ್ತತೊಡಗಿದಳು.

ಹಾಡು ಗೀಡು ಅವಳಿಗೆ ಬೇಕಿಲ್ಲ, ಲೆಕ್ಕ ಬೇಕು.
ಕೈ ದಾಟಿದಷ್ಟೂ ಅದರ ನೆರಳಿಗೆ
ಹದಿನಾಲ್ಕೂ ದನಿ ಗಾಳಿಯ ಪೈರಿನಂತೆ ಬಾಗಿ ಎದ್ದವು.
ಕರು ಎತ್ತಿಕೊಂಡಳು, ತಾಯಗುಳಿ ಚೀರಿತು.
ಬರಿಗುಳಿ ಸವರಿ ಮುಂದಿನದನ್ನು ಬಾಚಿದಳು,
ಒಂದೇ ಬಾಚಿಗೆ ಹನ್ನೊಂದು,
ಆಗ
ಅಷ್ಟು ದಿನ ನಾನು ಕಟ್ಟಲಾರದ ಒಂದು ಸಾಲು
ಯಾರನ್ನೂ ಕೇಳದೆ ಬಂದು ಕೂತಿತು.
ನಾನು ‘ತಡಿ’ ಎನ್ನುವಷ್ಟರಲ್ಲಿ
‘ಗೆದ್ದೆ’ ಎಂದಳು.

ಕರೆಂಟು ಹೋಯಿತು.
ಕತ್ತಲಿಗೆ ಎಲ್ಲ ಗುಳಿಯೂ ಒಂದೇ,
ತುಂಬಿದ್ದು, ಬರಿದು, ಗೆದ್ದದ್ದು, ಸೋತದ್ದು:
ಟಕ್ಕು. ಟಕ್ಕು.
ಇಬ್ಬರೂ ಉಸಿರು ಬಿಗಿಹಿಡಿದು ಏಳು ಏಳು ಎಣಿಸಿದೆವು.
ಕೆಳಗಿಂದ ಜಬೀನ ಕೂಗಿದಳು.
ಮರುದಿನ ಎಣಿಸಿದರೆ ಅರವತ್ತೊಂಬತ್ತೇ ಬೀಜ.
ಹುಡುಕಲಿಲ್ಲ.

ಮರಿಬಸವಯ್ಯ ಗಾಜಿನಾಚೆ ಮತ್ತೆ,
ನಾನು ಏನೂ ಕಳಿಸದಾಗ, ಬೆರಳೆತ್ತಿದರು.
ಈ ಸಲ ಬಾಗಿಲು ತೆರೆದು ಕೇಳಿದೆ, ಹೇಗಿತ್ತು?
‘ಬೆಲ್ಟು ಜಾರ್ದಂಗಾಯ್ತು ಕಣವ್ವ,
ಆಮೇಕೆ ಅದೇ ಕೂತ್ಕತು.’