ತೋಳಿನಿಂದ ಶುರು

ಪಿ.ಜೆ. ಬಡಾವಣೆಯ ಬೇಸಿಗೆ ಶಿಬಿರಕ್ಕೆ
ತಲೆಗೆ ಮೂರು ಸಾವಿರದ ಐನೂರು.
ನನ್ನ ಮನೇಲಿ ತಲೆ ಎರಡು:
ಮಗ ಕೊಟ್ರೇಶ, ತಂಗಿಯ ಮಗಳು ಸಿಂಚನ.
ಊಟ ಬೇರೆ, ಬಣ್ಣ ಬೇರೆ, ಟೋಪಿ ಬೇರೆ ಅಂತ
ಕರಪತ್ರದ ಬುಡದಲ್ಲಿ ಇರುವೆಸಾಲಿನ ಅಕ್ಷರ.
ಮೇಲ್ಗಡೆ ಮಾತ್ರ ನಗುವ ಮಕ್ಕಳು, ಒಂದೊಂದಕ್ಕೂ ಗಾಳಿಪಟ.

ಬ್ಲೌಸಿಗೆ ಇನ್ನೂರೈವತ್ತು ನನ್ನ ಕೂಲಿ.
ಭಾಗಿಸಿ ನೋಡಿದೆ. ಇಪ್ಪತ್ತೆಂಟು ಬ್ಲೌಸು.
ಮದುವೆ ಸೀಸನ್ನೇ ಸರಿ,
ಆದರೂ ಇಪ್ಪತ್ತೆಂಟು ಬೆನ್ನು ಎಲ್ಲಿಂದ ತರಲಿ?

ಪುಗಸಟ್ಟೆ ಏನೈತಿ ಈ ಊರಾಗೆ ಹುಡುಗರಿಗೆ?
ಕೇಳ್ಕೊಂಡು ಹೊರಟೆ ಒಂದು ಬುಧವಾರ
ಮಿಷನ್ನಿಗೆ ಮುಸುಕು ಹಾಕಿ.
ಗ್ರಂಥಾಲಯದ ಮಕ್ಕಳ ಕೋಣೆಗೆ ಸುಣ್ಣ ಬಳೀತಿದ್ರು,
ಜೂನಿಗೆ ಬರ್ರಿ ಅಂದ ಏಣಿ ಮೇಲಿನವನು.
ಜೂನಿಗೆ ಸಾಲೀನೇ ಶುರುವಾಗ್ತತಲ್ಲಣ್ಣ.
ಪಾರ್ಕಿನ ಗೇಟು ತೆಗೆಯೋದು ಸಂಜೆ ಐದಕ್ಕೆ;
ಎರಡು ಉಯ್ಯಾಲೆಗೆ ಮೂರು ಸರಪಳಿ.
ಗಾಜಿನ ಮನೆಗೆ ಟಿಕೀಟು, ಈಜುಕೊಳಕ್ಕೆ ಟಿಕೀಟು,
ಬಸ್ ಸ್ಟ್ಯಾಂಡಿನ ತೂಕದ ಯಂತ್ರ ಕೂಡ
ರೂಪಾಯಿ ನುಂಗದೆ ದೀಪ ಹಚ್ಚೋದಿಲ್ಲ.

ನಿನ್ನ ಕಾಲದಾಗೆ ಯಾರು ಹುಡುಕಿ ಕೊಟ್ಟಿದ್ರು ನಿಂಗೆ?
ಭಟ್ಟಿಯ ಹೊಗೆಯೊಳಗಿಂದ ಕೇಳಿದಳು ಇಮಾಂಬಿ,
ಮಂಡಕ್ಕಿ ಜರಡಿ ಆಡಿಸುತ್ತ.
ಯಾರೂ ಇಲ್ಲ.
ಆದರೆ ನನ್ನ ಕಾಲದಾಗೆ
ಈ ಓಣಿಗೆ ಬೈಕುಗಳಿರಲಿಲ್ಲ, ಇಮಾಂಬಿ.

ಮನೆಗೆ ಬಂದರೆ ಬಾಗಿಲು ಹಾರುಹೊಡೆದಿದೆ.
ನೀಲಿ ಸೀಮೆಸುಣ್ಣ ಇಲ್ಲ, ಅಳತೆಯ ಟೇಪಿಲ್ಲ,
ಮೊಳೆಗೆ ನೇತುಹಾಕಿದ್ದ ಪೇಪರ್ ಕಟಿಂಗಿನ ಕಟ್ಟಿನಲ್ಲಿ
ಒಂದು ಕಡಿಮೆ.

ಓಣಿಯ ಕಾಂಕ್ರೀಟಿನ ಮೇಲೆ
ಅಂಗಾತ ಮಲಗಿದೆ ಒಂದು ಬ್ಲೌಸು,
ಆನೆಗೆ ತೊಡಿಸಿದರೂ ದೊಗಳೆಯಾಗುವಂಥದ್ದು.
ಇಂಚಿಗೊಂದು ಗೇಣು ಲೆಕ್ಕ ಹಿಡಿದು ಹಿಗ್ಗಿಸಿದ್ದಾಳೆ ಸಿಂಚನ.
ಟೇಪು ಕೊಟ್ರೇಶನ ಸೊಂಟದಲ್ಲಿ. ಅವನು ಅಂಪೈರು.

ತೋಳಿನಿಂದ ಶುರು. ಕುಂಟುತ್ತ
ಕಂಕುಳ ತಿರುವು ದಾಟಬೇಕು, ಉಸಿರು ಕಟ್ಟಿ.
ಡಾಟಿನ ಗೆರೆ ತುಳಿದರೆ ಔಟು.
ಕೊರಳಿನ ಕಮಾನಿನಲ್ಲಿ ಮಾತ್ರ ಎರಡೂ ಕಾಲು ಊರಬಹುದು,
ಊರಿದವರು ಒಂದು ಒಗಟು ಹೇಳಬೇಕು, ಇಲ್ಲಾ ಬೈಸಿಕೊಳ್ಳಬೇಕು.
ಹುಕ್ಕಿನ ಪಟ್ಟಿ ಮೇಲೆ ಆರು ಹುಣಸೆಬೀಜ,
ಬಗ್ಗಿ ಒಂದೊಂದೇ ಹೆಕ್ಕಿಕೊಂಡು
ಇನ್ನೊಂದು ತೋಳಿನಿಂದ ಆಚೆಗೆ.
ಇಮಾಂಬಿಯ ಮೊಮ್ಮಗ ರಿಹಾನ್
ಮೂರು ಸಲ ಕಂಕುಳಲ್ಲೇ ಸತ್ತ.
ಬೈಕಿನವರು ಇಳಿದು, ಗೋಡೆಗೆ ಆತು,
ಬೈಕು ತಳ್ಳಿಕೊಂಡು ಹೋಗುತ್ತಿದ್ದರು.

ಬೈಯಲು ಬಾಯಿ ತೆಗೆದವಳು
ಪೇಪರಿನ ಮೂಲೆ ನೋಡಿ ಸುಮ್ಮನಾದೆ.
ನನ್ನದೇ ಅಕ್ಷರ:
ಶಿಬಿರದ ಮೇಡಂ, ಶುಕ್ರವಾರ, ಅರ್ಜೆಂಟ್.

ಶುಕ್ರವಾರ ಬಂದೇಬಿಟ್ಟರು.
ಗೆರೆಯ ಈಚೆಗೇ ಸ್ಕೂಟಿ ನಿಲ್ಲಿಸಿ
ಎಷ್ಟು ಚೆಂದ ಐತ್ರಿ, ಯಾವ ಆಟ ಇದು? ಅಂದರು.
ಓಣಿಗೆ ಓಣಿಯೇ ಬಾಯಿ ಹೊಲಿದುಕೊಂಡಿತು.
ಸಿಂಚನ ಒಬ್ಬಳೇ:
ತೋಳಿನಿಂದ ಶುರು ಮಾಡ್ರಿ ಮೇಡಂ, ಚಪ್ಪಲಿ ಬಿಟ್ಟು.
ಬಿಟ್ಟರು.
ನೆರಿಗೆ ಎತ್ತಿ ಸಿಕ್ಕಿಸಿ, ಕುಂಟಿ,
ತಮ್ಮದೇ ಕಂಕುಳಲ್ಲಿ ತೂಗಾಡಿ ಔಟಾದರು.
ಇಲ್ಲಿ ಭಾಳ ಬಿಗಿ ಆತು ಕಣ್ರಿ, ಅಂದರು ನಗುತ್ತ.

ನಾನು ಒಳಗೆ ಹೋದೆ. ದಾರ ಬಿಚ್ಚಿ
ಅವರ ಬ್ಲೌಸಿನ ಕಂಕುಳಲ್ಲಿ
ಅರ್ಧ ಇಂಚು ಬಿಟ್ಟು ಮತ್ತೆ ಹೊಲಿಗೆ ಹಾಕಿ ತಂದೆ.
ಅಷ್ಟರಲ್ಲಿ ಅವರದು ಎರಡನೇ ಸರದಿ.

ಇನ್ನೂರೈವತ್ತೈದು, ಅಂದೆ.
ಮೇಲಿನ ಐದು ಯಾಕ್ರಿ?
ಸೀಮೆಸುಣ್ಣದ್ದು.