ಒದ್ದೆ ನೋಟು

ಮಲ್ಪೆ ಬಂದರಿನಲ್ಲಿ ಮೂವತ್ತೊಂದು ವರ್ಷ ಪಿಗ್ಮಿ ಎತ್ತಿದೆ.
ಜಲಜಕ್ಕನ ನೋಟು ಯಾವತ್ತೂ ಒದ್ದೆ,
ಬೂತಾಯಿಯ ಒಂದೆರಡು ಹುರುಪೆ ಅಂಟಿಕೊಂಡು.
ನನ್ನ ಹೆಂಡತಿ ಆ ಚೀಲವನ್ನು
ಜಗಲಿ ದಾಟಿಸಲು ಬಿಡುತ್ತಿರಲಿಲ್ಲ.

ಮೊದಲ ಐದು ರೂಪಾಯಿ ಬೆಂಡೋಲೆಗೆ.
"ಖಾಲಿ ಕಿವಿಯವಳ ಹತ್ತಿರ ಚೌಕಾಶಿ ಜಾಸ್ತಿ" ಎಂದಿದ್ದಳು.
ಬೆಂಡೋಲೆ ಬಂತು, ಸೊಸೈಟಿಗೆ ಹೋಯಿತು,
ಬೋಟಿನಲ್ಲಿ ಕಾಲು ಪಾಲಾಗಿ ತೇಲಿತು,
ಇಂಜಿನು ಕೆಟ್ಟಾಗ ಮತ್ತೆ ಅಡವು.
ಎಷ್ಟು ಸಲ ಬಿಡಿಸಿದಳೋ, ಆ ಓಲೆಗೆ
ಅವಳ ಕಿವಿಗಿಂತ ಲಾಕರಿನ ಗುರುತೇ ಹೆಚ್ಚು.

ಜೂನ್ ಬಂತೆಂದರೆ ಬೋಟೆಲ್ಲ ದಡಕ್ಕೆ.
ಆಗ ಅವಳು ಕಟ್ಟುವುದಿಲ್ಲ, ತೆಗೆಯುತ್ತಾಳೆ:
"ಹತ್ತು ತಿಂಗಳು ಕಡಲು ಸಾಕ್ತದೆ,
ಎರಡು ತಿಂಗಳು ನಾವೇ ಸಾಕಿಕೊಳ್ಬೇಕು, ಮಾರಾಯ್ರೆ."
ನನಗಿದನ್ನು ಯಾರೂ ಹೇಳಿರಲಿಲ್ಲ,
ಕಮಿಷನ್ನಿನ ಮನುಷ್ಯ ನಾನು.
ಊರಿನ ಖಾತೆ ನಂಬರೆಲ್ಲ ಬಾಯಿಪಾಠ,
ನನ್ನದನ್ನು ಮಾತ್ರ ಪುಸ್ತಕ ನೋಡಿ ಹೇಳಬೇಕು.

ಮೊನ್ನೆ ಮೊಮ್ಮಗಳು ಫೋನು ತೋರಿಸಿದಳು,
ತಿಂಗಳ ಐದಕ್ಕೆ ತಾನಾಗಿ ಕಳೆಯುವ ಎಸ್‌ಐಪಿ,
ಏರಿ ಇಳಿಯುವ ಹಸಿರು ಗೆರೆ.
ಜಲಜಕ್ಕ ಕನ್ನಡಕ ಸರಿಸಿ ನೋಡಿ,
"ಕಡಲಿನ ಹಾಗೆಯೇ ಉಂಟು. ಆಗಲಿ, ಹಾಕು.
ಮಳೆಗಾಲದ್ದು ಮಾತ್ರ ಇದಕ್ಕೆ ಹಾಕಬೇಡ."

ನಿವೃತ್ತಿಯ ಮರುದಿನ ಸಂಜೆ ನಾಲ್ಕಕ್ಕೆ
ಕಾಲು ತಾನಾಗಿ ಬಂದರಿಗೆ ನಡೆಯಿತು.
ಚೀಲವಿಲ್ಲ, ಮೆಷಿನಿಲ್ಲ.
ಅಭ್ಯಾಸಕ್ಕೆ ಅವಳು ನೋಟು ಚಾಚಿದಳು,
ಅಭ್ಯಾಸಕ್ಕೆ ನಾನು ತೆಗೆದುಕೊಂಡೆ.
ಹಿಂದೆ ಕೊಡಹೋದರೆ
"ಇರಲಿ, ಈಗ ನಿಮಗೂ ಜೂನ್ ಅಲ್ಲವಾ?"

ಅಂಗಳದ ಹಗ್ಗಕ್ಕೆ ಒಣಹಾಕಲು ಹೊರಟೆ.
ಹೆಂಡತಿ ಒಳಗಿಂದ ಕ್ಲಿಪ್ಪು ತಂದುಕೊಟ್ಟಳು.